ಸೋಮಲೆ ಕೊಡದ ಉತ್ತರ

ಬಹಳ ಹಿಂದೆ, ಬೆಟ್ಟಗಳೂ ನಡೆದಾಡುತ್ತಿದ್ದ ಕಾಲದಲ್ಲಿ, ಹಂಸಾವರ ಎಂಬ ರಾಜ್ಯವಿತ್ತು. ಅಲ್ಲಿ ಗುರುವಿನ ಮುಂದೆ ಯಾರೂ ತಮ್ಮ ಹೆಸರು ಹೇಳುತ್ತಿರಲಿಲ್ಲ. ‘ನಿಮ್ಮ ಪಾದದ ಧೂಳು’, ‘ನಿಮ್ಮ ಬಾಗಿಲ ನಾಯಿ’ ಎಂದು ತಮ್ಮನ್ನು ತಗ್ಗಿಸಿಕೊಂಡು ಕೈಮುಗಿಯುವುದೇ ಪದ್ಧತಿ.

ಆ ರಾಜ್ಯದ ಸೋಮಲೆ ಎಂಬ ಹುಡುಗಿಗೆ ‘ನಾನು ಯಾರು?’ ಎಂಬ ಪ್ರಶ್ನೆ ಅಂಟಿಕೊಂಡಿತ್ತು. ಅವಳ ಅಣ್ಣ ಕೇತ ಇದೇ ಪ್ರಶ್ನೆ ಹೊತ್ತು ನಿಶ್ಚಲಸಿದ್ಧನೆಂಬ ಗುರುವಿನ ಗವಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅಣ್ಣನನ್ನು ಕರೆತರಬೇಕು, ಉತ್ತರವನ್ನೂ ತರಬೇಕು ಎಂದು ಸೋಮಲೆ ಹೊರಟಳು. ಎರಡರಲ್ಲಿ ಯಾವುದು ಮೊದಲು ಎಂಬುದೇ ಅವಳಿಗೆ ಸ್ಪಷ್ಟವಿರಲಿಲ್ಲ.

ಗವಿಯ ಬಾಗಿಲಲ್ಲಿ ಮಲಗಿದ್ದ ನಾಯಿ ತಲೆಯೆತ್ತಿತು. “ಒಳಗೆ ಹೋಗಬೇಡವ್ವ. ನಾನು ಹೊಳೆಯಾಚೆಯ ಊರಗೌಡ. ‘ನಿಮ್ಮ ಬಾಗಿಲ ನಾಯಿ’ ಅಂದೆ, ಸಿದ್ಧ ಬೆತ್ತ ಬೀಸಿದ, ಅಷ್ಟೇ.”

“ಮತ್ತೆ ನಮ್ಮಣ್ಣ?”

“‘ನಿಮ್ಮ ಮನೆಯ ಎತ್ತು’ ಅಂದ. ಅಗೋ, ಗಾಣ ತಿರುಗಿಸ್ತಿದಾನೆ. ಧೂಳು ಅಂದವರ ಪಾಡು ಕೇಳಲೇಬೇಡ. ದಿನಾ ಗುಡಿಸಿ ಗುಂಡಿಗೆ ಹಾಕ್ತಾರೆ.”

ಓಡಿಹೋಗಲೇ? ಅಣ್ಣನನ್ನು ಬಿಟ್ಟೇ? ಅವಳು ಹಿಂದೆಮುಂದೆ ನೋಡುತ್ತಿದ್ದಂತೆ ಒಳಗಿನಿಂದ ಕರೆ ಬಂತು.

ನಿಶ್ಚಲಸಿದ್ಧ ಬೆತ್ತ ಹಿಡಿದು ಹುಲಿಚರ್ಮದ ಮೇಲೆ ಕೂತಿದ್ದ. “ನೀನು ಯಾರು ಮಗಳೇ?”

ಕೇತನ ತಂಗಿ ಎನ್ನೋಣವೆಂದರೆ ಕೇತ ಈಗ ಎತ್ತು. “ಗೊತ್ತಿಲ್ಲ ಗುರುಗಳೇ.”

ಸಿದ್ಧ ಬೆತ್ತ ಬೀಸಿದ. ಏನೂ ಆಗಲಿಲ್ಲ.

“ವಿನಯ ಬೇಡವೇ? ನನ್ನ ಮುಂದೆ ನೀನು ಯಾರು?”

ಹಿರಿಯರು ಕಲಿಸಿದ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಇಲ್ಲದ್ದನ್ನು ಹೇಳುವುದು ಹೇಗೆ? “ಧೂಳಂತೂ ಅಲ್ಲ. ಮಿಕ್ಕಿದ್ದು ಗೊತ್ತಿಲ್ಲ.”

ಮತ್ತೆ ಬೆತ್ತ ಬೀಸಿದ. ಗಾಳಿ ಬಂತು, ಅಷ್ಟೇ.

“ಆ ಎತ್ತನ್ನು ಈಗಲೇ ಕಡಿಸಿಹಾಕ್ತೀನಿ! ಹೇಳು, ಯಾರು ನೀನು?”

ಸೋಮಲೆಗೆ ಅಳು ಬಂತು. “ಗೊತ್ತಿದ್ದರೆ ಇಷ್ಟು ದೂರ ಯಾಕೆ ಬರ್ತಿದ್ದೆ? ನೀವು ಬಲ್ಲವರು. ನೀವು ಯಾರು ಅಂತ ಒಮ್ಮೆ ಹೇಳಿತೋರಿಸಿ. ಕೇಳಿ ಕಲೀತೀನಿ.”

ಬಾಗಿಲ ನಾಯಿ ಕಿವಿ ನಿಮಿರಿಸಿತು. ಗುರುವಾದವನು ಅದರೆದುರು ತಡವರಿಸುವುದುಂಟೇ? ಸಿದ್ಧ ಎದೆಯುಬ್ಬಿಸಿ, ಬೆತ್ತವನ್ನು ಗಿರ್ರನೆ ಬೀಸಿ, “ನಾನು ಬಯಲು! ರೂಪವಿಲ್ಲದ ಬಯಲು!” ಎಂದ.

ಹುಲಿಚರ್ಮ ಖಾಲಿಯಾಯಿತು.

ನಾಯಿ ಗೌಡನಾಗಿ ಮೀಸೆ ತಡವಿಕೊಂಡ. ಕಸದ ಗುಂಡಿಯಿಂದ ಧೂಳಾಗಿದ್ದವರೆಲ್ಲ ಸೀನುತ್ತಾ ಎದ್ದುಬಂದರು. ಕೇತ ನೊಗ ಹೊತ್ತ ಹೆಗಲನ್ನು ಉಜ್ಜಿಕೊಳ್ಳುತ್ತಾ ಓಡಿಬಂದು ತಂಗಿಯನ್ನು ತಬ್ಬಿಕೊಂಡ.

“ಗುರುಗಳು ಎಲ್ಲಿ?”

“ಈಗ ಇಲ್ಲೇ ಇದ್ದರಪ್ಪ.”

“ಉತ್ತರ ಸಿಕ್ಕಿತಾ?”

“ಇನ್ನೂ ಗೋಜಲಾಗಿದೆ ಅಣ್ಣಾ. ಬಾ, ಅವ್ವ ಕಾಯ್ತಿದಾಳೆ.”

ಅಂದಿನಿಂದ ಹಂಸಾವರದವರು ಗುರುವಿನ ಮುಂದೆ ನೆಟ್ಟಗೆ ನಿಂತು ಸ್ವಂತ ಹೆಸರು ಹೇಳತೊಡಗಿದರು, ಸುಖವಾಗಿ ಬಾಳಿದರು. ಸೋಮಲೆಯೂ ಸುಖವಾಗಿ ಬಾಳಿದಳು. ಯಾರಾದರೂ ಹೆಸರು ಕೇಳಿದರೆ ಮಾತ್ರ ಒಂದು ಗಳಿಗೆ ಯೋಚಿಸಿ, “ಸದ್ಯಕ್ಕೆ, ಸೋಮಲೆ” ಎನ್ನುತ್ತಿದ್ದಳು.