ಬೆಂಡ್ ತೆಗೆಯಬೇಡಿ

ಫೋಟೊಕ್ಕೋಸ್ಕರ ಕಾಲಿಗೆ ಕೆಸರು ಬಳಿದುಕೊಳ್ಳುವ ಗಂಡಸನ್ನು ಶರಣ್ಯ ನೋಡಿದ್ದು ಅದೇ ಮೊದಲು.

ಶಿಕಾರಿಪುರದಾಚೆ ಅಕೇಶಿಯಾ ನೆಡುತೋಪಿನ ಬಾಯಲ್ಲಿ ಭಾನುವಾರದ ಸೈಕಲ್ ಗುಂಪು ನಿಂತಿತ್ತು. ಎಷ್ಟು ಹೆಲ್ಮೆಟ್ಟೋ ಅಷ್ಟೇ ಸೆಲ್ಫಿ. ಅವರಲ್ಲೊಬ್ಬ ಎತ್ತರದವನು ನೀರು ನಿಂತ ಹೊಂಡದ ಪಕ್ಕ ಕುಕ್ಕರುಗಾಲಲ್ಲಿ ಕೂತು, ವಿಭೂತಿ ಹಚ್ಚುವಷ್ಟು ಶ್ರದ್ಧೆಯಿಂದ ಮೊಣಕಾಲಿಗೆ ಕೆಸರು ಹಚ್ಚಿಕೊಳ್ಳುತ್ತಿದ್ದ. ಅವನ ಸೈಕಲ್ಲು ಮಾತ್ರ ಶೋರೂಮಿನಿಂದ ಆಗಷ್ಟೇ ಇಳಿದ ಹಾಗಿತ್ತು.

"ಥೂ!"

ಮನಸ್ಸಿನಲ್ಲೇ ಅಂದುಕೊಂಡಿದ್ದು, ಬಾಯಿಗೇ ಬಂದುಬಿಟ್ಟಿತ್ತು. ಅವನು ತಲೆ ಎತ್ತಿದ. ಸಿಟ್ಟಾಗಲಿಲ್ಲ.

"ಇನ್ನೊಂದು ಕಾಲು ಬಾಕಿ ಇದೆ ಮಾರಾಯ್ರೇ. ಎರಡೂ ಆದಮೇಲೆ ಒಟ್ಟಿಗೇ ಉಗೀರಿ."

"ಹಚ್ಕೊಳ್ಳೋದ್ಯಾಕೆ? ಕಾಡೊಳಗೆ ಹೋದ್ರೆ ಅದೇ ಹತ್ತುತ್ತಲ್ಲ."

"ನನ್ನ ಸೈಕಲ್‌ಗೆ ಹತ್ತಲ್ಲ ಅಂತ ಗುತ್ಯಪ್ಪನವರ ಕಂಪ್ಲೇಂಟು. ಗ್ರೂಪ್ ಅಡ್ಮಿನ್ ಅಲ್ವಾ, ಅವರ ಆರ್ಡರು. ಕೆಸರಿಲ್ದಿದ್ರೆ ಫೋಟೊದಲ್ಲಿ ಜಾಗ ಇಲ್ಲವಂತೆ."

ಹೆಸರು ವೈಭವ್, ಸೊರಬದಲ್ಲಿ ಹಲ್ಲಿನ ಡಾಕ್ಟರು ಎಂದು ಆಮೇಲೆ ಗೊತ್ತಾಯಿತು. ಹಲ್ಲಿನ ಡಾಕ್ಟರು ಎಂದ ಕೂಡಲೆ ಶರಣ್ಯಳ ತುಟಿ ತಾನಾಗಿಯೇ ಮುಚ್ಚಿಕೊಂಡಿತು. ಅವಳಿಗೆ ಮೇಲಿನ ಸಾಲಿನಲ್ಲಿ ಹಲ್ಲಿನ ಮೇಲೊಂದು ಹಲ್ಲು.

ಆ ಹಲ್ಲಿಗೂ ಅವಳ ಸೈಕಲ್ಲಿಗೂ ಸಂಬಂಧವಿತ್ತು. ತನ್ನೂರು ಶಿಕಾರಿಪುರದ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಲು ಸೇರಿದ ವರ್ಷ ಅವಳನ್ನು ನೋಡಲು ಒಂದು ಮನೆಯವರು ಬಂದಿದ್ದರು. ಹುಡುಗನ ತಾಯಿ ಅವಲಕ್ಕಿ ತಿಂದು, ಕೈ ತೊಳೆದು, "ಹುಡುಗಿ ಲಕ್ಷಣವಾಗದಾಳೆ. ಆ ಹಲ್ಲಿಗೊಂದು ಕ್ಲಿಪ್ ಹಾಕಿಸಿಬಿಟ್ರೆ ಎಲ್ಲಾ ಸರಿಹೋಗುತ್ತೆ" ಅಂದಿದ್ದರು. ಕೊಳ್ಳುವ ಎತ್ತಿನ ಬಾಯಿ ಬಿಡಿಸಿ ನೋಡಿದ ಹಾಗೆ. ಆ ಅವಲಕ್ಕಿಯ ಒಗ್ಗರಣೆ ವಾಸನೆ ಈಗಲೂ ಅವಳಿಗೆ ಓಕರಿಕೆ ತರಿಸುತ್ತದೆ. ಅದೇ ವಾರ ಅವಳು ಯಾರೋ ಮಾರಿದ ಹಳೇ ಫ್ರೇಮ್ ಒಂದನ್ನು ಶಿವಮೊಗ್ಗದಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಳು. ಹಬ್ ಒಂದು ಕಡೆಯದು, ರಿಮ್ ಇನ್ನೊಂದು ಕಡೆಯದು, ಬ್ರೇಕು ಮತ್ತೆಲ್ಲಿಯದೋ. ಸರಿ ಮಾಡಿಸಿ ಎಂದು ಯಾರೂ ಹೇಳಲಾಗದ, ತನ್ನದೇ ಆದ ಒಂದು ವಸ್ತು ಅವಳಿಗೆ ಬೇಕಾಗಿತ್ತು.

"ಏನೇ ಶರಣೂ, ಈ ಕೈಯಾಗೆ ಊಟ ಮಾಡ್ತೀಯಾ?" ಎಂದು ಅವ್ವ ರಾಜೇಶ್ವರಮ್ಮ ಮೂಗು ಮುಚ್ಚಿಕೊಳ್ಳುತ್ತಿದ್ದರು. "ಉಗುರು ನೋಡಿದ್ರೆ ನನಗೆ ಅನ್ನ ಇಳಿಯಲ್ಲ."

"ನೋಡಬ್ಯಾಡವ್ವ."

ಹಿಂದಿನ ಚಕ್ರವನ್ನು ಅವಳೇ ಒಂದೊಂದೇ ಕಡ್ಡಿ ಪೋಣಿಸಿ ಕಟ್ಟಿದ್ದಳು. ಚಕ್ರ ಕಟ್ಟುವಾಗ ಗಾಳಿ ತುಂಬುವ ವಾಲ್ವಿನ ಆಚೀಚೆ ಕಡ್ಡಿಗಳು ದೂರ ದೂರ ಬರಬೇಕು. ಆಗಲೇ ಪಂಪಿಗೆ ಜಾಗ. ಅವಳು ಒಂದು ತೂತು ತಪ್ಪಿ ಶುರು ಮಾಡಿದ್ದಳು. ಕೊನೆಯ ಕಡ್ಡಿ ಬಿಗಿದು ನೋಡಿದರೆ, ವಾಲ್ವಿನ ನೆತ್ತಿಯ ಮೇಲೇ ಎರಡು ಕಡ್ಡಿ ಅಡ್ಡಡ್ಡ ದಾಟಿದ್ದವು. ಗಾಳಿ ಹಾಕುವಾಗೆಲ್ಲ ಪಂಪನ್ನು ಓರೆಯಾಗಿ ತೂರಿಸಬೇಕು. ಪ್ರತಿ ಸಲವೂ ಬೆರಳ ಗೆಣ್ಣು ತರಚುತ್ತಿತ್ತು. ಬಿಚ್ಚಿ ಕಟ್ಟಬಹುದಿತ್ತು. ಕಟ್ಟಲಿಲ್ಲ. ಹಲ್ಲಿನ ಮೇಲಿನ ಹಲ್ಲಿನ ಹಾಗೆ ಅದೂ ಇರಲಿ ಅಂದುಕೊಂಡಳು.

ಅವತ್ತು ನೆಡುತೋಪಿನೊಳಗೆ ಜಂಬಿಟ್ಟಿಗೆ ಕಲ್ಲಿನ ಏರು ಬಂತು. ಅವಳ ಸೈಕಲ್ಲಿಗೆ ಮುಂದೆ ಮಾತ್ರ ಸ್ಪ್ರಿಂಗು, ಹಿಂದೆ ಏನೂ ಇಲ್ಲ. ಹಾರ್ಡ್‌ಟೇಲ್ ಅನ್ನುವುದು ಅದಕ್ಕೇ. ಅವನದಕ್ಕೆ ಹಿಂದೆಯೂ ಮುಂದೆಯೂ ಸ್ಪ್ರಿಂಗು. ಏರಿನಲ್ಲಿ ಅವಳು ಸೀಟು ಬಿಟ್ಟು ಎದ್ದು ತುಳಿದು ಮುಂದೆ ಹೋದಳು. ಅವನು ಏದುಸಿರು ಬಿಡುತ್ತಾ ಹಿಂದೆ ಬಂದ.

"ನಿಮ್ಮ ಸೋಫಾ ಸೆಟ್ಟು ಏರು ಹತ್ತಲ್ವೇನ್ರೀ?"

"ಸೋಫಾನಾ? ಇದರ ರೇಟು ಗೊತ್ತಾ ನಿಮಗೆ?"

"ಸೋಫಾಕ್ಕೂ ರೇಟಿರುತ್ತೆ."

ಅವನು ನಕ್ಕ. "ಅಲ್ಲ, ಹಿಂದೆ ಎಂತದೂ ಇಲ್ದೆ ಬೆನ್ನು ನೋಯಲ್ವಾ?"

"ನೋಯುತ್ತೆ. ಅದಕ್ಕೇ ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ಅಂತ ಕಾಲಿಗೆ ಗೊತ್ತಾಗೋದು. ನೀವು ಕಲ್ಲಿನ ಮೇಲೆ ಹೋದ್ರೂ ಹುಲ್ಲಿನ ಮೇಲೆ ಹೋದ್ರೂ ನಿಮಗೆ ಒಂದೇ. ನನಗೆ ನೆಲ ಮಾತಾಡಿದ್ದೆಲ್ಲ ಕೇಳಿಸುತ್ತೆ."

ಹೇಳಿ ಮುಗಿಸಿದಮೇಲೆ ಬಾಯಿ ತೆರೆದು ಮಾತಾಡಿದೆನಲ್ಲ ಎಂದು ಥಟ್ಟನೆ ತುಟಿ ಮುಚ್ಚಿದಳು. ಅವನ ನೋಟ ಅವಳ ಬಾಯಿಯ ಮೇಲೆ ಇರಲಿಲ್ಲ. ಹಿಂದಿನ ಚಕ್ರದ ಮೇಲಿತ್ತು.

ಆಮೇಲಿನ ಭಾನುವಾರಗಳಲ್ಲಿ ಗುಂಪು ಮುಂದೆ ಹೋಗುತ್ತಿತ್ತು, ಇವರಿಬ್ಬರು ಹಿಂದುಳಿಯುತ್ತಿದ್ದರು. ಡಾಂಬರು ರಸ್ತೆಯ ಅರ್ಧಕ್ಕೆ ಒಣಹಾಕಿದ ಮೆಕ್ಕೆಜೋಳದ ಪಕ್ಕ, ಶುಂಠಿ ತೊಳೆದ ಕೊಳೆನೀರಿನ ವಾಸನೆಯ ನಡುವೆ. ಶರಣ್ಯಳಿಗೆ ಹೇಸಿಗೆ ಬೇಗ. ಹೋಟೆಲಿನ ಲೋಟದ ಅಂಚು, ಬಸ್ಸಿನ ಕಂಬಿ, ಬೇರೆಯವರ ಬೆವರು. ಒಮ್ಮೆ ಕೇಳಿದಳು: "ದಿನಾ ಇನ್ನೊಬ್ಬರ ಬಾಯೊಳಗೆ ಕೈ ಹಾಕಕ್ಕೆ ನಿಮಗೆ ಹೇಸಿಗೆ ಆಗಲ್ವಾ?"

"ಆಗುತ್ತೆ. ದಿನಾ ಆಗುತ್ತೆ." ಅವನು ಸೇರಿಸಿದ, "ಆದ್ರೆ ಅವರು ಹೆದರಿಕೊಂಡಿರ್ತಾರಲ್ಲ. ಅದನ್ನ ನೋಡಿದ್ರೆ ಹೇಸಿಗೆ ಆಮೇಲಕ್ಕೆ ಹೋಗುತ್ತೆ."

ಇಷ್ಟು ದಿನ ಜೊತೆಗೆ ತಿರುಗಿದರೂ ಅವನು ಒಮ್ಮೆಯೂ ಅವಳ ಹಲ್ಲಿನ ಮಾತೆತ್ತಲಿಲ್ಲ. ಊರಿನ ಹಲ್ಲೆಲ್ಲ ನೆಟ್ಟಗೆ ಮಾಡುವವನು ಇವಳ ಹಲ್ಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಮೌನವನ್ನೇ ಅವಳು ಪ್ರೀತಿಸತೊಡಗಿದ್ದಳು.

ಆನವಟ್ಟಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಅವನು ಕೇಳಿಯೇಬಿಟ್ಟ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದರೊಳಗೆ ನೋಡುತ್ತಾ. "ಭಾನುವಾರ ಬಿಟ್ಟು ಬೇರೆ ದಿನಗಳಲ್ಲೂ ನಿಮ್ಮ ಜೊತೆ ಇರಬೇಕು ಅಂತ ಆಸೆ ಕಣ್ರೀ. ಪೂರ್ತಿ. ಎಂತ ಹೇಳ್ತೀರಿ?"

ಅವಳು ಅವನು ಕುಡಿದಿಟ್ಟ ಲೋಟವನ್ನು ನೋಡಿದಳು. ಹೇಸಿಗೆಯಾಗಲಿಲ್ಲ. ಅದೇ ಉತ್ತರವಾಗಿತ್ತು. ಆದರೂ, "ಮುಂದಿನ ಭಾನುವಾರ ಹೇಳ್ತೀನಿ" ಅಂದಳು. ಹೌದು ಅನ್ನುವ ಮಾತನ್ನು ಒಂದು ವಾರ ಒಬ್ಬಳೇ ಇಟ್ಟುಕೊಳ್ಳುವ ಆಸೆ.

ಸೊರಬ ಇನ್ನೇನು ಬಂತು ಅನ್ನುವಾಗ ಚೂಪು ಕಲ್ಲು ತಗುಲಿ ಅವಳ ಹಿಂದಿನ ಟೈರ್ ಪಕ್ಕದಲ್ಲಿ ಸೀಳಿಹೋಯಿತು. ಸೈಕಲ್ಲನ್ನು ಅವನ ಕ್ಲಿನಿಕ್ಕಿನ ಹಿತ್ತಲಲ್ಲಿ ಬಿಟ್ಟು ಅವಳು ಬಸ್ಸು ಹತ್ತಿದಳು.

"ಟೈರ್ ಹಾಕಿಸಿಡ್ತೀನಿ," ಅಂದ.

"ಟೈರ್ ಅಷ್ಟೇ," ಅಂದಳು.

ಮುಂದಿನ ಭಾನುವಾರ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವಳ ಬಾಯಲ್ಲಿ ಆ ಹೌದು ಬೆಲ್ಲದ ಹಾಗೆ ಕರಗುತ್ತಿತ್ತು. ಕ್ಲಿನಿಕ್ಕಿಗೆ ರಜೆ. ಲವಂಗದೆಣ್ಣೆಯ ವಾಸನೆ. ಗೋಡೆಯಲ್ಲಿ ಒಂದು ಪೋಸ್ಟರು: 'ಮೊದಲು', 'ನಂತರ'. ಮೊದಲಿನ ಬಾಯಲ್ಲಿ ಹಲ್ಲಿನ ಮೇಲೊಂದು ಹಲ್ಲು. ನಂತರದ ಬಾಯಲ್ಲಿ ಬೇಲಿ ನೆಟ್ಟ ಹಾಗೆ ಸಾಲು. ಅವಳು ಮುಖ ತಿರುಗಿಸಿ ಹಿತ್ತಲಿಗೆ ಹೋದಳು.

ಹೊಸ ಟೈರಿನಲ್ಲಿ ಗಾಳಿ ಕೊಂಚ ಕಡಿಮೆ ಇತ್ತು. ಪಂಪು ತೆಗೆದುಕೊಂಡು ಕೂತಳು. ಕೈ ಅಭ್ಯಾಸದಂತೆ ಓರೆಯಾಗಿ ಹೋಯಿತು. ಏನೂ ತಾಗಲಿಲ್ಲ. ಪಂಪು ನೆಟ್ಟಗೆ, ಸಲೀಸಾಗಿ ಕೂತುಬಿಟ್ಟಿತು.

ಅವಳು ಕೈ ಹಿಂದೆಳೆದುಕೊಂಡಳು. ಕತ್ತಲಲ್ಲಿ ತನ್ನ ಮನೆಯ ಮೆಟ್ಟಿಲು ಎಡವಿದ ಹಾಗಾಯಿತು.

"ಇದನ್ನ ಯಾರು ಕಟ್ಟಿದ್ದು?"

ಅವನ ಮುಖ ಅರಳಿತು. "ಗೊತ್ತಾಗೇಬಿಡ್ತಾ? ಸರ್‌ಪ್ರೈಸ್ ಅಂತಿದ್ದೆ. ಶಿವಮೊಗ್ಗದಲ್ಲಿ ಒಬ್ರು ಭಾರೀ ಚೊಲೋ ಕಟ್ತಾರೆ. ಚಕ್ರ ಸ್ವಲ್ಪ ವಾಲ್ತಿತ್ತಲ್ಲ, ಆ ಬೆಂಡ್ ಪೂರ್ತಿ ತೆಗೆಸಿದೆ. ವಾಲ್ವ್ ಹತ್ರ ಕಡ್ಡಿ ತಪ್ಪಾಗಿ ಕೂತಿತ್ತಲ್ಲ, ಅದನ್ನೂ ಸರಿ ಮಾಡಿಸ್ದೆ. ಪ್ರತಿ ಸಲ ನಿಮ್ಮ ಗೆಣ್ಣು ತರಚೋದು ನೋಡಕ್ಕಾಗ್ತಿರಲಿಲ್ಲ."

"ನಾನು ಟೈರ್ ಅಷ್ಟೇ ಅಂದಿದ್ದೆ."

"ಹೌದು, ಆದ್ರೆ..."

"ಮುಂದಿನದ್ಯಾವುದು? ನನ್ನ ಹಲ್ಲಿಗೆ ಕ್ಲಿಪ್ಪಾ?"

ಅವನು ಬಾಯಿ ತೆರೆದ, ಮುಚ್ಚಿದ. ಅಷ್ಟು ದಿನ ಮುದ್ದು ಅನ್ನಿಸಿದ ಮೌನವೇ ಈಗ ಕೊಳೆತಂತೆ ನಾರಿತು. ನೋಡಿದ್ದಾನೆ, ಎಲ್ಲ ನೋಡಿದ್ದಾನೆ. ಚಕ್ರದಿಂದ ಶುರು ಮಾಡಿದ್ದಾನೆ, ಅಷ್ಟೇ. ಅವಲಕ್ಕಿಯ ಒಗ್ಗರಣೆ ಗಂಟಲಿಗೆ ಬಂತು.

"ಥೂ!" ಅಂದಳು. ಈ ಸಲ ಬೇಕೆಂದೇ ಅಂದಳು. ಸೈಕಲ್ ಹತ್ತಿ ಹೊರಟಳು. ದಾರಿಯುದ್ದಕ್ಕೂ ಹಿಂದಿನ ಚಕ್ರ ಅಸಹ್ಯವಾಗುವಷ್ಟು ನೆಟ್ಟಗೆ, ಸದ್ದಿಲ್ಲದೆ ಉರುಳಿತು. ಅದರ ಮೇಲೆ ಕೂತಿದ್ದು ಬೇರೆ ಯಾರೋ ಅನ್ನಿಸುತ್ತಿತ್ತು.

ಸಂಜೆ ಅವನ ಮೆಸೇಜು: "ತಪ್ಪಾಯ್ತು. ಮೊದಲಿದ್ದ ಹಾಗೇ ಕಟ್ಟಿಸಿಕೊಡ್ತೀನಿ."

ಅವಳ ಉತ್ತರ: "ನನ್ನ ತಪ್ಪನ್ನ ಕೂಲಿ ಕೊಟ್ಟು ಮಾಡಿಸ್ತೀರಾ?"

ಮೆಸೇಜು ಅಲ್ಲಿಗೇ ನಿಂತಿತು.

ಅವಳು ಚಕ್ರವನ್ನು ಬಿಚ್ಚಿ ಕಡ್ಡಿಗಳನ್ನು ಚಾಪೆಯ ಮೇಲೆ ಹರವಿದಳು. ಮತ್ತೆ ತಾನೇ ಕಟ್ಟಿದಳು. ಕೊನೆಯ ಕಡ್ಡಿ ಬಿಗಿದು ನೋಡಿದರೆ ವಾಲ್ವಿನ ಆಚೀಚೆ ಜಾಗ ಬಿಟ್ಟು, ಎಲ್ಲ ಪುಸ್ತಕದಲ್ಲಿದ್ದ ಹಾಗೆ ಬಂದಿತ್ತು. ಅವಳಿಗೆ ಅಳು ಬಂತು. ಒಮ್ಮೆ ಗೊತ್ತಾದಮೇಲೆ ಅದೇ ತಪ್ಪನ್ನು ಮತ್ತೆ ಮನಸ್ಸಿಟ್ಟು ಮಾಡಲು ಬರುವುದಿಲ್ಲ. ಗೆಣ್ಣಿನ ತರಚುಗಾಯ ಒಣಗಿ ಸಿಪ್ಪೆ ಏಳುತ್ತಿತ್ತು. ಅದನ್ನು ನೋಡುತ್ತಾ ಒಂದು ಮಾತು ಬೇಡವೆಂದರೂ ನೆನಪಾಯಿತು: ನೋಡಕ್ಕಾಗ್ತಿರಲಿಲ್ಲ ಅಂದನಲ್ಲ. ಅವಳ ಕೈಯನ್ನು ಇಷ್ಟು ಹತ್ತಿರದಿಂದ ಯಾರು ನೋಡಿದ್ದರು? ಅವ್ವ ಕೂಡ ಮುಖ ತಿರುಗಿಸುತ್ತಿದ್ದರು.

ಗುಂಪಿಗೆ ಹೋಗುವುದನ್ನು ಅವಳು ಬಿಟ್ಟಳು. ಅವನೂ ಬರುತ್ತಿಲ್ಲ ಎಂದು ಗುತ್ಯಪ್ಪ ಫೋನಿನಲ್ಲಿ ಹೇಳಿದರು. "ಸೈಕಲ್ ಮಾರಿದ್ರಂತೆ ಕಣಮ್ಮ, ಆ ಚಂದದ್ದನ್ನ!"

ಒಂದು ಭಾನುವಾರ ಮಧ್ಯಾಹ್ನ ಬೀದಿಯ ತುದಿಯಿಂದ ಹಂದಿ ಕಿರುಚಿದಂಥ ಸದ್ದು ಬಂತು. ಚಕ್ರ ಬ್ರೇಕಿಗೆ ಉಜ್ಜುವ ಸದ್ದು. ಶರಣ್ಯ ಗೇಟಿಗೆ ಬಂದಳು.

ವೈಭವ್ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಹಾರ್ಡ್‌ಟೇಲ್. ತುಕ್ಕಿನ ಮೇಲೆ ಬ್ರಷ್ಷಿನಲ್ಲಿ ಬಳಿದ ಬಣ್ಣ. ಮುಂದಿನ ಚಕ್ರ ಕುಡುಕನ ಹಾಗೆ ಅತ್ತ ಒಂದು ಸಲ, ಇತ್ತ ಒಂದು ಸಲ ವಾಲುತ್ತಿತ್ತು. ಎಡಗಡೆ ಪೆಡಲ್ಲೇ ಇರಲಿಲ್ಲ. ಅದು ಅವನ ಜೇಬಿನಲ್ಲಿ ಉಬ್ಬಿಕೊಂಡಿತ್ತು. ಮೊಣಕಾಲಿನವರೆಗೆ ಕೆಸರು. ಹಚ್ಚಿಕೊಂಡದ್ದಲ್ಲ, ಸಿಡಿದದ್ದು.

ಇಷ್ಟು ಕೆಟ್ಟದಾಗಿ ಕಟ್ಟಿದ ಸೈಕಲ್ಲನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಮೈ ಜುಮ್ಮೆನ್ನುವಷ್ಟು ಅಸಹ್ಯವಾಗಿತ್ತು.

"ಎಲ್ಲಿಂದ ತಳ್ಕೊಂಡು ಬಂದ್ರಿ?"

"ಶಿರಾಳಕೊಪ್ಪದವರೆಗೂ ತುಳಿದೆ ಮಾರಾಯ್ರೇ. ಅಲ್ಲಿ ಪೆಡಲ್ ಉದುರಿತು."

ಅವಳು ಬಗ್ಗಿ ನೋಡಿದಳು. ಪೆಡಲ್ ಕೂರುವ ತೂತಿನ ತಿರುಪಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. "ಎಡಗಡೇದು ಉಲ್ಟಾ ತಿರುಗಿಸಬೇಕು ಅಂತ ಗೊತ್ತಿರಲಿಲ್ವಾ? ಒತ್ತಾಯ ಮಾಡಿ ತಿರುಗಿಸಿದೀರಿ."

"ಯಾರೂ ಹೇಳಲಿಲ್ಲ."

"ಕೇಳಿದ್ರಾ?"

"ಕೇಳಬಾರದು ಅಂತಲೇ ಕೂತಿದ್ದು." ಅವನು ತನ್ನ ಕೈಗಳನ್ನು ನೋಡಿಕೊಂಡ. ಉಗುರು ಕಪ್ಪು, ಗೆಣ್ಣು ಕೆಂಪು. "ಪೇಷೆಂಟುಗಳು ಬಾಯಿ ತೆಗೀತಿಲ್ಲ ಶರಣ್ಯ. ಗ್ಲೌಸ್ ಹಾಕ್ಕೊಳ್ಳೋಕೆ ಮುಂಚೆ ಈ ಕೈ ನೋಡಿಬಿಡ್ತಾರೆ."

ಅವಳಿಗೆ ನಗು ಬಂತು. ತಡೆದಳು.

"ಮುಂದಿನ ಚಕ್ರ ನಾನೇ ಕಟ್ಟಿದ್ದು," ಅಂದ ಅವನು ಮೆಲ್ಲಗೆ. "ಬೆಂಡ್ ಎಷ್ಟು ತೆಗೆದ್ರೂ ಇನ್ನೊಂದು ಕಡೆ ಬರುತ್ತೆ. ನಿನ್ನೆ ಕ್ಲಿನಿಕ್ಕಿನ ಕಾಂಪೌಂಡರ್ ರಾಜಪ್ಪ ನಾನು ನೋಡ್ತೀನಿ ಕೊಡಿ ಸಾರ್ ಅಂತ ಕೈ ಹಾಕ್ದ. ನನಗೆ ಎಂತಾ ಸಿಟ್ಟು ಬಂತು ಗೊತ್ತಾ? ಆವಾಗ ತಿಳೀತು, ನಾನು ನಿಮಗೆ ಮಾಡಿದ್ದೇನು ಅಂತ."

ಎಲ್ಲೋ ಕುಕ್ಕರ್ ಕೂಗಿತು.

"ನನ್ನ ಹಲ್ಲು..." ಶರಣ್ಯ ಕೇಳಿದಳು. "ಅವತ್ತು ಯಾಕೆ ಸುಮ್ಮನಾದ್ರಿ?"

"ಮೊದಲ ದಿನಾನೇ ನೋಡಿದ್ದೆ. ಡಾಕ್ಟರಾಗಿ ನೋಡಿದ್ನಾ, ಬೇರೆ ಥರ ನೋಡಿದ್ನಾ ಅಂತ ನನಗೇ ಗೊತ್ತಿರಲಿಲ್ಲ. ನೀವು ನಕ್ಕಾಗ ಮೊದಲು ಕಾಣೋದು ಅದು. ಅದು ಕಾಣಲಿ ಅಂತಲೇ ಜೋಕ್ ಹೇಳ್ತಿದ್ದೆ. ಇದನ್ನ ಹೇಗೆ ಹೇಳೋದು, ಅದೂ ಗೋಡೆ ಮೇಲೆ ಆ ಪೋಸ್ಟರ್ ಹಾಕ್ಕೊಂಡಿರೋನು?"

ಅವಳು ಆ ವಾಲುವ ಚಕ್ರದ ಕಡೆ ಕೈ ನೀಡಿ, ಮುಟ್ಟುವ ಮೊದಲೇ ನಿಲ್ಲಿಸಿದಳು.

"ಮುಟ್ಲಾ?"

"ಮುಟ್ಟಿ. ಸರಿ ಮಾಡಬೇಡಿ."

ಅವಳು ಚಕ್ರವನ್ನು ಒಮ್ಮೆ ತಿರುಗಿಸಿ ಬಿಟ್ಟಳು, ಅಷ್ಟೇ. ಅದು ಅತ್ತ ವಾಲಿತು, ಇತ್ತ ವಾಲಿತು, ಕಿರುಚಿ ನಿಂತಿತು. ಈ ಸಲ ನಗು ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಳ್ಳಲೂ ಇಲ್ಲ.

ರಾಜೇಶ್ವರಮ್ಮ ಬಾಗಿಲಿಗೆ ಬಂದು ಸೈಕಲ್ಲನ್ನೂ ಅವನನ್ನೂ ಮೇಲಿಂದ ಕೆಳಗೆ ನೋಡಿದರು. "ಯಾರೇ ಇವ್ರು?"

"ಹಲ್ಲಿನ ಡಾಕ್ಟ್ರವ್ವ. ಸೊರಬದವರು."

"ಶಿವ ಶಿವಾ, ಈ ಕೈನ ಬಾಯಾಗೆ ಇಡ್ತಾರಾ?" ಎಂದು ಅವರು ಸೆರಗಿನಿಂದ ಮೂಗು ಮುಚ್ಚಿ ಒಳಗೆ ಹೋದರು. ಒಳಗಿನಿಂದಲೇ ಕೂಗಿದರು, "ಕೈ ತೊಳ್ಕೊಂಡ್ರೆ ಊಟ ಐತಿ!"

ಶರಣ್ಯ ಕೊಬ್ಬರಿ ಎಣ್ಣೆ, ಒಂದು ಹಿಡಿ ಸಕ್ಕರೆ ತಂದಳು. ಗ್ರೀಸಿಗೆ ಅದೇ ಮದ್ದು. ಹಿತ್ತಲಿನ ಕಲ್ಲಿನ ಮೇಲೆ ಅವನನ್ನು ಕೂರಿಸಿ, ಆ ಕಪ್ಪು ಕೈಗಳನ್ನು ತನ್ನ ಕೈಗೆ ತೆಗೆದುಕೊಂಡು ತಿಕ್ಕತೊಡಗಿದಳು. ಸಕ್ಕರೆ ಕರಕರ ಎಂದಿತು. ಅವನ ಗೆಣ್ಣಿನ ಗಾಯದ ಹತ್ತಿರ ಅವಳ ಬೆರಳು ನಿಧಾನವಾಯಿತು.

"ಉರಿಯುತ್ತಾ?"

"ಇಲ್ಲ. ತಿಕ್ಕಿ."

ನೀರು ಹಾಕಿದಳು. ಅಂಗೈ ಬೆಳ್ಳಗಾಯಿತು. ಉಗುರಿನ ಅಂಚಿನದು ಹೋಗಲಿಲ್ಲ.

"ಇದು ಹೋಗಲ್ಲ ಕಣ್ರೀ. ನಂದೂ ಹೋಗಿಲ್ಲ."

ಅವನು ಅವಳ ಉಗುರು ನೋಡಿದ, ತನ್ನದು ನೋಡಿಕೊಂಡ. ಕೈ ಬಿಡಿಸಿಕೊಳ್ಳಲಿಲ್ಲ. "ಆನವಟ್ಟಿಯಲ್ಲಿ ಒಂದು ಮಾತು ಕೇಳಿದ್ದೆ. ಉತ್ತರ ಬಾಕಿ ಇದೆ."

ಎಣ್ಣೆ, ಸಕ್ಕರೆ, ಕೆಸರು, ಗ್ರೀಸು ಎಲ್ಲ ಸೇರಿ ಅಂಟಂಟಾದ ಆ ನಾಲ್ಕು ಕೈಗಳನ್ನು ಶರಣ್ಯ ನೋಡಿದಳು. ಲೋಕದಲ್ಲಿ ಎಂಥೆಂಥದಕ್ಕೋ ಹೇಸಿಗೆಪಡುವ ತಾನು ಇನ್ನೊಬ್ಬರ ಕೊಳೆಯಲ್ಲಿ ಮೊಣಕೈವರೆಗೆ ಮುಳುಗಿ ಕೂತಿದ್ದಳು.

"ಥೂ," ಅಂದಳು, ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸುತ್ತಾ. "ಇಷ್ಟು ಹೊತ್ತು ನಾನು ಮಾಡಿದ್ದು ಮತ್ತೇನ್ರೀ?"