ಒಂಬತ್ತನೆಯ ಕಾಲು

ಬಾಫೊ ಮೊದಲ ಸಲ ನಮ್ಮ ಮನೆಗೆ ಬಂದಾಗ ಗೇಟಿನ ಹೊರಗೇ ನಿಂತುಬಿಟ್ಟ. ಕೈಯಲ್ಲಿ ರಿಪೇರಿ ಸಾಮಾನಿನ ಪೆಟ್ಟಿಗೆ, ಕೂದಲ ತುಂಬ ಮರುಭೂಮಿ ಕಡೆಯಿಂದ ಬೀಸುವ ಹಾರ್ಮಟನ್ ಗಾಳಿಯ ಧೂಳು. ಒಳಗೆ ನನ್ನ ಕಾವು ಪೆಟ್ಟಿಗೆ ತಣ್ಣಗಾಗುತ್ತಿತ್ತು, ಅದರೊಳಗಿನ ಮೊಟ್ಟೆಗಳೂ ತಣ್ಣಗಾಗುತ್ತಿದ್ದವು. ಈ ಮನುಷ್ಯ ನೋಡಿದರೆ ಹರಟೆಗೆ ಬಂದವನ ಹಾಗೆ ಗೇಟಿಗೆ ಒರಗಿ ನಿಂತಿದ್ದಾನೆ. ನನಗೆ ಮೈಯೆಲ್ಲ ಉರಿಯಿತು.

“ಏನ್ರೀ ಮಾಸ್ಟರ್, ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಬರ್ಬೇಕಾ?” ಎಂದೆ.

ಅವನು ನನ್ನತ್ತ ನೋಡಲಿಲ್ಲ. ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ ನನ್ನ ಅತ್ತೆ ಪೊಕುವಾಳ ಕಡೆಗೇ ನೋಡುತ್ತ ಹೇಳಿದ: “ಅಮ್ಮ ಬಾ ಅನ್ಲಿ ಮೇಡಂ. ಕಪ್ಪು ಉಟ್ಟೋರ ಮನೆ. ಗಂಡಸು ಸುಮ್ನೆ ಒಳಗೆ ಬರೋ ಹಾಗಿಲ್ವಲ್ಲ.”

ನನಗೆ ನಾಚಿಕೆಯಾಯಿತು. ಮೈಮೇಲಿನ ಕಪ್ಪು ಬಟ್ಟೆ ನನಗೇ ಮರೆತುಹೋಗಿತ್ತು. ನನ್ನ ಗಂಡ ಅಮಾಂಕ್ವಾ ಸುನ್ಯಾನಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡು ಆಗಿನ್ನೂ ಹೆಚ್ಚು ದಿನ ಆಗಿರಲಿಲ್ಲ. ನಮ್ಮ ಡೊರ್ಮಾದಲ್ಲಿ ವಿಧವೆ ವರ್ಷವಿಡೀ ಕಪ್ಪು ಉಡಬೇಕು. ಆ ವರ್ಷ ಮುಗಿಯುವ ತನಕ ಕೆಲಸವಿಲ್ಲದೆ ಯಾವ ಗಂಡಸೂ ಅವಳ ಅಂಗಳಕ್ಕೆ ಕಾಲಿಡುವುದಿಲ್ಲ.

“ಬಾಪ್ಪಾ,” ಎಂದಳು ಅತ್ತೆ. “ಅವಳ ಬಾಯಿಗೆ ಹೆದರ್ಬೇಡ. ಅದು ಹುಟ್ಟಿದಾಗಿಂದ ಹಾಗೇ.”

ಕಾವು ಪೆಟ್ಟಿಗೆ ಅಮಾಂಕ್ವಾ ಕೈಯಾರೆ ಕಟ್ಟಿದ್ದು. ಹಲಗೆ, ಫ್ಯಾನು, ಹೀಟರು, ಮೊಟ್ಟೆ ಹೊರಳಿಸುವ ಮೋಟಾರು, ಎಲ್ಲಕ್ಕೂ ಅಪ್ಪಣೆ ಕೊಡುವ ಒಂದು ಹಸಿರು ಬೋರ್ಡು. ಅವನು ಹೋದ ಮೇಲೆ ಅವನ ಕುಟುಂಬದವರು ಕೂತು ನನಗೊಂದು ಮಾತು ಹೇಳಿದ್ದರು. ಕಪ್ಪು ತೆಗೆಯುವ ದಿನದವರೆಗೆ ಇದನ್ನು ನಡೆಸಿ ತೋರಿಸಿದರೆ ಪೆಟ್ಟಿಗೆಯೂ ಮನೆಯೂ ನನ್ನವು. ಆಗದಿದ್ದರೆ ಎರಡನ್ನೂ ಮಾರಿ ನನ್ನನ್ನು ತವರಿಗೆ ಕಳಿಸುತ್ತಾರೆ. ತವರಿನಲ್ಲಿ ನನಗೆ ಯಾರೂ ಉಳಿದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಬಾಫೊ ಬೋರ್ಡಿನ ಮುಂದೆ ಮಂಡಿಯೂರಿದ. ನಾನು ಹಿಂದೆಯೇ ನಿಂತೆ.

“ಇದು ನನ್ನ ಗಂಡ ಕಟ್ಟಿದ್ದು. ಇದ್ರಲ್ಲಿ ತಪ್ಪು ಹುಡುಕೋ ಕೆಲಸ ಬೇಡ. ಏನು ಕೆಟ್ಟಿದ್ಯೋ ಅದನ್ನಷ್ಟೇ ಬದಲಾಯ್ಸಿ.”

ಅವನು ಬೋರ್ಡನ್ನು ತಿರುಗಿಸಿ ಹಿಂಬದಿಯನ್ನು ಬಹಳ ಹೊತ್ತು ನೋಡಿದ. ಬಾಯಿ ತೆರೆದ, ಮುಚ್ಚಿದ. ಆಮೇಲೆ ಹದಿನಾರು ಕಾಲಿನ ಒಂದು ಕಪ್ಪು ಎಲೆಕ್ಟ್ರಾನಿಕ್ ಚಿಪ್ಪನ್ನು ಕಿತ್ತು ತೆಗೆದ. ಅದರ ಬೆನ್ನ ಮೇಲೆ ಸುಟ್ಟ ಗುಳಿ ಇತ್ತು.

“ಏನದು?” ಎಂದೆ.

“ಒಚಿಯಾಮೆ,” ಎಂದ.

ನನಗೆ ನಗು ಬಂದುಬಿಟ್ಟಿತು. ಗಂಡ ಹೋದ ಮೇಲೆ ನಕ್ಕಿದ್ದು ಅದೇ ಮೊದಲು. ಒಚಿಯಾಮೆ ಎಂದರೆ ನಮ್ಮ ಅರಸನ ಪಕ್ಕದಲ್ಲಿ ಕೋಲು ಹಿಡಿದು ನಿಲ್ಲುವವನು. ಅರಸ ಜನರೊಡನೆ ನೇರವಾಗಿ ಮಾತಾಡುವುದಿಲ್ಲ. ಅವನು ಮೆಲ್ಲಗೆ ಹೇಳಿದ್ದನ್ನು ಇವನು ಇಡೀ ಸಭೆಗೆ ಕೇಳಿಸುತ್ತಾನೆ.

“ನಗ್ಬೇಡಿ ಮೇಡಂ. ಇಲ್ಲಿರೋ ಈ ಪುಟ್ಟದು ಅರಸ. ಬಿಸಿ ಎಷ್ಟಿದೆ ಅಂತ ನೋಡಿ ಹೀಟರ್ ಹಚ್ಚು, ಆರ್ಸು ಅಂತ ಪಿಸುಗುಟ್ಟುತ್ತೆ. ಅಷ್ಟು ಸಣ್ಣ ಕರೆಂಟಿಗೆ ಹೀಟರಿನ ಸ್ವಿಚ್ಚು, ಈ ರಿಲೇ, ಅಲ್ಲಾಡೋದೂ ಇಲ್ಲ. ಈ ಚಿಪ್ ನಡುವೆ ನಿಂತು ಅದೇ ಮಾತನ್ನ ಜೋರಾಗಿ ಹೇಳುತ್ತೆ. ಆಗ ರಿಲೇ ಎಳೆಯುತ್ತೆ, ಹೀಟರ್ ಹತ್ತುತ್ತೆ.”

ಹೊಸ ಚಿಪ್ಪು ಕೂರಿಸಿದ. ರಿಲೇ ಟಿಕ್ ಎಂದಿತು, ಹೀಟರ್ ಕೆಂಪಗಾಯಿತು. ಆ ಬೆಳಕಲ್ಲಿ ಅವನು ಒಂದೇ ಒಂದು ಸಲ ತಲೆಯೆತ್ತಿ ನನ್ನ ಮುಖ ನೋಡಿದ, ನೋಡಿ ತಕ್ಷಣ ಸ್ಕ್ರೂಡ್ರೈವರ್ ಹುಡುಕತೊಡಗಿದ. ಸ್ಕ್ರೂಡ್ರೈವರ್ ಅವನ ಕೈಯಲ್ಲೇ ಇತ್ತು.

ಕೆಲವು ವಾರಗಳಲ್ಲಿ ಚಿಪ್ಪು ಮತ್ತೆ ಸತ್ತಿತು. ಅವನು ಮತ್ತೆ ಬಂದ. ಆಮೇಲೆ ಇನ್ನೊಮ್ಮೆ. ಪ್ರತಿ ಸಲವೂ ಹೀಟರ್ ಆರಿಹೋಗುತ್ತಿತ್ತು, ನಾನು ಮೊಟ್ಟೆಗಳ ಮೇಲೆ ಕಂಬಳಿ ಹೊದಿಸಿ ಅವನಿಗೆ ಫೋನ್ ಮಾಡುತ್ತಿದ್ದೆ, ಮೊಟ್ಟೆ ಆರುವ ಮೊದಲೇ ಅವನು ಸೈಕಲ್ಲಿನಲ್ಲಿ ಬಂದಿಳಿಯುತ್ತಿದ್ದ. ಅಮಾಂಕ್ವಾ ಇದ್ದಾಗಲೂ ಚಿಪ್ಪುಗಳು ಹೀಗೇ ಸಾಯುತ್ತಿದ್ದವು. ಪೇಟೆಯಲ್ಲಿ ಸಿಗುವುದೆಲ್ಲ ನಕಲಿ ಮಾಲು ಎಂದು ಅವನು ಬೈಯುತ್ತಿದ್ದ. ಬಾಫೊ ಬೈಯುತ್ತಿರಲಿಲ್ಲ, ಸುಮ್ಮನೆ ಬದಲಿಸುತ್ತಿದ್ದ. ಕೆಲಸಕ್ಕಿಂತ ಅದರ ಆಚೀಚಿನ ಧೂಳು ಒರೆಸಲು ಅವನಿಗೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಸುಟ್ಟ ಚಿಪ್ಪುಗಳನ್ನು ನಾನು ಹಾಲಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದೆ. ಯಾಕೆ ಎಂದು ಕೇಳಬೇಡಿ.

“ಈ ಚಿಪ್ಪಿಗೆ ನಿನ್ನ ಮೇಲೆ ಭಾರೀ ಪ್ರೀತಿ ಕಣಪ್ಪ,” ಎಂದಳು ಅತ್ತೆ ಒಂದು ದಿನ. “ತಿಂಗಳು ನಿನ್ನ ಮುಖ ನೋಡ್ಲಿಲ್ಲ ಅಂದ್ರೆ ಪ್ರಾಣ ಬಿಡುತ್ತೆ.”

ಅವನ ಕಿವಿ ಕೆಂಪಾಯಿತೋ ಏನೋ, ಆ ಕಪ್ಪು ಬಣ್ಣದಲ್ಲಿ ಕಾಣಲಿಲ್ಲ. ತಲೆಯನ್ನು ಮಾತ್ರ ಇನ್ನಷ್ಟು ಪೆಟ್ಟಿಗೆಯೊಳಕ್ಕೆ ತೂರಿಸಿದ. ಅತ್ತೆ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋದ ಮೇಲೆ ಪೆಟ್ಟಿಗೆಯೊಳಗಿಂದಲೇ ಕೇಳಿದ:

“ಕಪ್ಪು ಯಾವಾಗ ತೆಗೀತೀರಿ?”

“ಯಾಕೆ? ನಿಮಗೆ ಬಟ್ಟೆ ವ್ಯಾಪಾರಾನೂ ಉಂಟಾ?”

“ಸುಮ್ನೆ ಕೇಳ್ದೆ.”

“ಸುಮ್ನೆ ಕೇಳೋ ಮಾತಲ್ಲ ಅದು.”

“ಅಲ್ಲ,” ಎಂದ.

ಅವತ್ತು ನಾನು ಬಾಳೆಕಾಯಿ ಬೇಯಿಸಿ, ಕೊಂತೊಮಿರೆ ಸೊಪ್ಪಿನ ಸಾರು ಮಾಡಿ ಅವನ ಮುಂದಿಟ್ಟೆ. ತಿನ್ನುವಾಗ ಅವನು ನನ್ನ ಕೈಗಳನ್ನು ನೋಡುತ್ತಿದ್ದ, ನಾನು ಅವನ ಕೈಗಳನ್ನು ನೋಡುತ್ತಿದ್ದೆ. ಬೆಸುಗೆಯ ಬಿಸಿ ತಾಗಿ ಅವನ ಹೆಬ್ಬೆರಳು ಗಟ್ಟಿಯಾಗಿತ್ತು. ಫೋನ್ ಮಾಡುವಾಗೆಲ್ಲ ನನಗೆ ಒಳಗೊಳಗೇ ಖುಷಿ. ಗಂಡನ ಫೋಟೋದ ಕೆಳಗೇ ನಿಂತು ಆ ಖುಷಿ ಪಡುತ್ತಿದ್ದೆ. ಆಮೇಲೆ ಒಬ್ಬಳೇ ಕೂತು ಅಳುತ್ತಿದ್ದೆ, ಯಾರಿಗಾಗಿ ಎಂದು ನನಗೇ ತಿಳಿಯುತ್ತಿರಲಿಲ್ಲ.

ಕಪ್ಪು ತೆಗೆಯಲು ಸ್ವಲ್ಪ ಕಾಲ ಉಳಿದಿದ್ದಾಗ ಪೆಟ್ಟಿಗೆ ತುಂಬ ಮೊಟ್ಟೆ ಇಟ್ಟಿದ್ದೆ. ಸುತ್ತಲ ಹಳ್ಳಿಯ ಕೋಳಿ ಸಾಕುವವರೆಲ್ಲ ಮರಿ ಕೇಳಿದ್ದರು. ಮೊಟ್ಟೆ ಒಡೆಯಲು ಎರಡು ಮೂರು ದಿನ ಇತ್ತು. ಭಾನುವಾರ ಚರ್ಚಿಗೆ ಹೋಗಿ ಬಂದು ಬಾಗಿಲು ತೆರೆದರೆ ಮುಖಕ್ಕೆ ಝಳ ಬಡಿಯಿತು.

ಬೋರ್ಡಿನ ಮೇಲೆ ಹೀಟರಿನ ಪುಟ್ಟ ದೀಪ ಆರಿತ್ತು. ಹೀಟರ್ ಮಾತ್ರ ಕೆಂಡದ ಹಾಗೆ ಉರಿಯುತ್ತಿತ್ತು. ಅರಸ ಆರಿಸು ಎನ್ನುತ್ತಲೇ ಇದ್ದಾನೆ, ಒಚಿಯಾಮೆ ಹಚ್ಚು ಎಂದು ಕೂಗುತ್ತಲೇ ಇದ್ದಾನೆ. ನಾನು ಗೋಡೆಯ ಪ್ಲಗ್ ಕಿತ್ತೆಸೆದೆ. ಒಂದು ಮೊಟ್ಟೆ ಕಿವಿಗಿಟ್ಟುಕೊಂಡೆ, ಇನ್ನೊಂದು ಇಟ್ಟುಕೊಂಡೆ. ಯಾವುದರಲ್ಲೂ ಸದ್ದಿರಲಿಲ್ಲ. ಒಡೆದು ನೋಡಿದರೆ ಕೊಕ್ಕು ಬಂದಿತ್ತು, ತುಪ್ಪಳ ಬಂದಿತ್ತು, ಮರಿ ರೆಕ್ಕೆಯಡಿ ತಲೆಯಿಟ್ಟು ಮಲಗಿತ್ತು.

ಬಾಳೆಗಿಡಗಳ ಹಿಂದೆ ಗುಂಡಿ ತೋಡಿದೆ. ಅತ್ತೆ ಮೊಟ್ಟೆಯ ಬುಟ್ಟಿ ಹೊತ್ತು ತಂದಳು.

ಬಾಫೊ ಬಂದವನು ಗುಂಡಿಯನ್ನು ನೋಡಿದ, ಗೇಟಿನಲ್ಲಿ ನಿಲ್ಲುವುದನ್ನೂ ಮರೆತು ನೇರ ಒಳಗೆ ಹೋದ. ನಾನು ಹೋದಾಗ ಹೊಸ ಚಿಪ್ಪು ಕೂರಿಸಿ ಬೋರ್ಡನ್ನು ಮಗುಚಿ ಇಟ್ಟುಕೊಂಡಿದ್ದ. ಅಂಗಿಯ ಜೇಬಿನಿಂದ ಒಂದು ಚೂರು ಕೆಂಪು ತಂತಿ ತೆಗೆದ. ಅಳತೆಗೆ ಸರಿಯಾಗಿ ಕತ್ತರಿಸಿದ್ದು, ಎರಡೂ ತುದಿ ಸುಲಿದದ್ದು. ಜೇಬಿನಲ್ಲಿ ಬಹಳ ಕಾಲ ಇದ್ದು ಅದರ ಬಣ್ಣ ಮಾಸಿತ್ತು. ಅದನ್ನು ಬೆಸೆದ.

“ಏನದು?”

“ಚಿಪ್ಪಿನ ಒಂಬತ್ತನೇ ಕಾಲು. ಅದಕ್ಕೆ ತಂತಿ ಕೊಟ್ಟಿರ್ಲಿಲ್ಲ.” ಅವನು ನನ್ನತ್ತ ತಿರುಗಲಿಲ್ಲ. “ರಿಲೇ ಒಳಗೆ ಇರೋದು ತಂತಿ ಸುರುಳಿ ಮೇಡಂ. ಅದ್ರಲ್ಲಿ ಹರೀತಿರೋ ಕರೆಂಟಿಗೆ ತಟ್ಟನೆ ನಿಲ್ಲು ಅಂದ್ರೆ ನಿಲ್ಲಲ್ಲ. ಸುತ್ತಿ ಸುತ್ತಿ ತಾನಾಗಿ ತಣಿಯೋಕೆ ಒಂದು ದಾರಿ ಬೇಕು. ದಾರಿ ಇಲ್ದಿದ್ರೆ ಆರಿಸ್ದಾಗೆಲ್ಲ ಚಿಪ್ಪನ್ನೇ ಒದೆಯುತ್ತೆ. ಒದ್ದು ಒದ್ದು ಒಂದು ದಿನ ಸಾಯ್ಸುತ್ತೆ. ಈ ಕಾಲು ಆ ದಾರಿ.”

“ಅಂದ್ರೆ ಇನ್ಮೇಲೆ ಸಾಯಲ್ವಾ?”

“ಇಲ್ಲ.”

ನಾನು ಆ ಮಾಸಿದ ತಂತಿಯನ್ನು ನೋಡಿದೆ. “ಯಾವಾಗಿಂದ ಗೊತ್ತಿತ್ತು ನಿಮಗೆ?”

“ಮೊದಲ್ನೇ ದಿನದಿಂದ.”

“ಗೊತ್ತಿದ್ದೂ ಚಿಪ್ ಬದಲಾಯ್ಸ್ತಾ ಇದ್ರಾ?”

“ಅವತ್ತು ತಪ್ಪು ಹುಡುಕ್ಬೇಡಿ ಅಂದ್ರಿ. ಸತ್ತೋರ ಕೆಲಸ, ಹೇಗೆ ಹೇಳ್ಲಿ ಅಂತ ಸುಮ್ನಾದೆ. ಆಮೇಲೆ ಹೇಳೋ ಮನಸ್ಸಾಗ್ಲಿಲ್ಲ ಸೆರ್ವಾ. ಇದು ಸರಿಹೋದ್ರೆ ನಾನು ಯಾವ ಮುಖ ಇಟ್ಕೊಂಡು ಈ ಅಂಗಳಕ್ಕೆ ಬರ್ಲಿ? ಸತ್ತಾಗೆಲ್ಲ ಹೀಟರ್ ಆರ್ತಿತ್ತು. ಹೀಟರ್ ಉರೀತಾನೇ ಇರೋ ಹಾಗೆ ಚಿಪ್ ಸಾಯಲ್ಲ ಅಂದ್ಕೊಂಡೆ.”

“ಹಾಗೂ ಸಾಯ್ಬಹುದು ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಆಗಲ್ಲ ಅಂದ್ಕೊಂಡೆ.”

ಅವನು ನನ್ನನ್ನು ಸೆರ್ವಾ ಎಂದು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಎಷ್ಟು ದಿನದಿಂದ ಅದನ್ನು ಕೇಳಬೇಕು ಎಂದುಕೊಂಡಿದ್ದೆನೋ ಅಷ್ಟೇ ಹೇಸಿಗೆಯಾಯಿತು.

“ಕಣ್ಣು ಬಿಡೋಕೆ ಎರಡು ದಿನ ಇತ್ತು ಅವಕ್ಕೆ,” ಎಂದೆ. “ನಿಮ್ಮ ಪ್ರೀತಿಗೆ ಬೆಂದುಹೋದ್ವು. ಎದ್ದು ಹೋಗಿ. ಇನ್ನು ಈ ಕಡೆ ಬರ್ಬೇಡಿ.”

ಅವನು ಸಾಮಾನು ಎತ್ತಿಕೊಂಡು ಹೋದ. ಸೈಕಲ್ ಹತ್ತದೆ ತಳ್ಳಿಕೊಂಡೇ ಹೋದ.

ಆಮೇಲೆ ಚಿಪ್ಪು ಸಾಯಲಿಲ್ಲ. ಹೀಟರ್ ಹತ್ತುವುದು, ಆರುವುದು, ರಿಲೇ ಟಿಕ್ ಎನ್ನುವುದು, ಯಾವ ತಕರಾರೂ ಇಲ್ಲ. ಸಾಲ ಸೋಲ ಮಾಡಿ ಮತ್ತೆ ಮೊಟ್ಟೆ ಇಟ್ಟೆ, ಮರಿಗಳು ಹೊರಬಂದವು. ಕೇಳಿದವರಿಗೆಲ್ಲ ಕೊಟ್ಟೆ. ಕೆಲಸದ ನಡುವೆ ಸುಮ್ಮನೆ ನಿಂತು ಆ ಟಿಕ್ ಸದ್ದಿಗೆ ಕಿವಿಗೊಡುತ್ತಿದ್ದೆ. ಕೆಡಲಿ ಎಂದು ಕಾಯುತ್ತಿದ್ದೇನೆ ಎಂದು ತಿಳಿದಾಗ ನನ್ನ ಮೇಲೇ ಅಸಹ್ಯವಾಯಿತು. ನಿಲ್ಲು ಎಂದರೆ ನಿಲ್ಲದ್ದು ನನ್ನೊಳಗೂ ಇತ್ತು.

ವರ್ಷ ತುಂಬಿತು. ಕಪ್ಪು ತೆಗೆಸಿ, ಸ್ನಾನ ಮಾಡಿಸಿ, ಬಿಳಿ ಉಡಿಸಿದರು. ಕುಟುಂಬದವರು ಬಂದು ಪೆಟ್ಟಿಗೆ ನೋಡಿ, ಮನೆ ನನ್ನದೇ ಎಂದು ಹೇಳಿ, ಊಟ ಮಾಡಿ ಹೋದರು. ಗೆದ್ದೆ ಅನ್ನಿಸಬೇಕಿತ್ತು. ಅಂಗಳ ಖಾಲಿಯಾದ ಮೇಲೆ ಬಿಳಿ ಬಟ್ಟೆಯಲ್ಲಿ ಕೂತು ಮರಿಗಳಿಗೆ ನುಚ್ಚು ಹಾಕಿದೆ.

ಅತ್ತೆ ಪಕ್ಕದಲ್ಲಿ ಬಂದು ಕೂತಳು. “ಆ ತಂತಿ ಹಾಕೋದು ನನ್ನ ಮಗ ಮರ್ತಿದ್ದ,” ಎಂದಳು. “ಆ ಬಾಫೊ ಬೇಕಂತ ಮರ್ತ. ಅವತ್ತು ಹೇಳೋಕೆ ಬಾಯಿ ತೆಗ್ದೋನನ್ನ ಸುಮ್ನಿರ್ಸಿದ್ದು ನೀನು. ಅಷ್ಟು ಮರಿಗಳು ಒಬ್ಬನ ಕೈಲೇ ಸತ್ವಾ?”

“ಅವನನ್ನ ಕ್ಷಮಿಸು ಅಂತೀಯಾ ಅತ್ತೆ?”

“ನಾನ್ಯಾಕೆ ಅನ್ಲಿ. ಬಿಳಿ ಉಟ್ಟಿದ್ದೀಯ. ಈಗ ನೀನು ಎಲ್ಲಿಗೆ ಹೋದ್ರೂ ಯಾರೂ ಕೇಳಲ್ಲ.”

ಮರುದಿನ ಪೇಟೆಗೆ ಹೋದೆ. ಅವನ ಅಂಗಡಿ ಗಡಿ ರಸ್ತೆಯ ಲಾರಿ ನಿಲ್ದಾಣದ ಹಿಂದೆ ಒಂದು ನೀಲಿ ತಗಡಿನ ಗೂಡು. ಅವನು ಒಬ್ಬನೇ ಕೂತು ಯಾರದೋ ರೇಡಿಯೋ ಬಿಚ್ಚುತ್ತಿದ್ದ. ತೆಳ್ಳಗಾಗಿದ್ದ. ನನ್ನ ಬಿಳಿ ಬಟ್ಟೆಯನ್ನು ನೋಡಿ ಎದ್ದು ನಿಂತ. ಬೋರ್ಡು ತಂದಿದ್ದೇನೆಯೇ ಎಂದು ನನ್ನ ಕೈ ನೋಡಿದ. ಕೈ ಖಾಲಿ ಇತ್ತು.

“ಮತ್ತೆ ಕೆಟ್ಟಿತಾ?” ಎಂದ.

“ಇಲ್ಲ.”

“ಮರಿ?”

“ಚೆನ್ನಾಗಿವೆ. ಆ ಮರಿಗಳನ್ನ ನಾನು ಮರೆಯಲ್ಲ ಬಾಫೊ. ನೀನೂ ಮರೀಬಾರ್ದು.”

“ಮರ್ತಿಲ್ಲ,” ಎಂದ. ಹೆಬ್ಬೆರಳಿನಿಂದ ಮೇಜಿನ ಅಂಚು ಉಜ್ಜುತ್ತ ನಿಂತ. ಹೊರಗೆ ಲಾರಿಯವರು ಕೂಗುತ್ತಿದ್ದರು. “ಮತ್ತೆ ಯಾಕೆ ಬಂದೆ ಸೆರ್ವಾ? ಏನು ರಿಪೇರಿ ಆಗ್ಬೇಕು?”

ಗಿರಾಕಿಗಳು ಕೂರುವ ಸ್ಟೂಲಿನ ಮೇಲಿನ ಧೂಳನ್ನು ಕೈಯಿಂದ ಒರೆಸಿ ಕೂತೆ.

“ಏನೂ ಇಲ್ಲ,” ಎಂದೆ. “ಸುಮ್ನೆ ಬಂದೆ.”