ತೊಳೆಯದ ಕೈ

"ಹೊಲಸು ಮುಟ್ಟಿದ ಕೈಲೆ ಲಿಂಗ ಹಿಡಿದೀರಲ್ಲ, ನಾಚಿಕಿ ಇಲ್ಲೇನ್ರಿ ನಿಮಗ?"

ನಾಸಿಕದ ಆಸ್ಪತ್ರೆಯ ವಾರ್ಡಿನಲ್ಲಿ ಪರದೆ ಸರಿಸಿದವಳೇ ಮಂಜುಶ್ರೀ ಸಿಡಿದಿದ್ದಳು. ಮೂಗಿಗೆ ದುಪಟ್ಟಾ ಒತ್ತಿಕೊಂಡಿದ್ದಳು. ಮಲದ ವಾಸನೆ, ಫಿನಾಯಿಲ್, ಪಕ್ಕದ ಮಂಚದವರು ತಿನ್ನುತ್ತಿದ್ದ ಅವಲಕ್ಕಿ ಪೋಹೆ... ಎಲ್ಲ ಒಟ್ಟಿಗೆ ಮೂಗಿಗೆ ಬಡಿಯುತ್ತಿತ್ತು.

ಸೊಂಟ ಮುರಿದುಕೊಂಡು ಮಲಗಿದ್ದವರು ಅವಳ ಅಪ್ಪ ರೇವಣಪ್ಪ, ಬೀದರಿನಿಂದ ಬಂದು ಪಂಚವಟಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಪಕ್ಕದಲ್ಲಿ ಅವರ ಸೀಮೆಯವನೇ ಆದ ನರ್ಸ್ ಮಲ್ಲಿನಾಥ. ಅವನ ಕಾಲ ಬಳಿ ಹೊಲಸಾದ ಬಟ್ಟೆ, ಕೈಯಲ್ಲಿ ಎಕ್ಸ್‌ರೇಗೆಂದು ಬಿಚ್ಚಿಸಿದ್ದ ಅಪ್ಪನ ಇಷ್ಟಲಿಂಗ.

ಥೂ... ಇಂಥವನಿಗೆ ಯಾರು ಕೆಲಸ ಕೊಟ್ಟರು?

ಮಲ್ಲಿನಾಥ ಲಿಂಗವನ್ನು ಅವಳ ಅಂಗೈಯಲ್ಲಿಟ್ಟು, ಬಟ್ಟೆ ಎತ್ತಿಕೊಂಡು ಹೋದ.

"ಅಪ್ಪಾ, ಪೂಜಿ ಮಾಡ್ಕೊಂಡು ಊಟ ಮಾಡ್ರಿ. ಗುಳಗಿ ತಗೋಬೇಕು."

"ಒಲ್ಲೆ."

ಲಿಂಗಪೂಜೆಯಾಗದೆ ತುತ್ತು ಎತ್ತದ ಮನುಷ್ಯ ಗೋಡೆಗೆ ಮುಖ ತಿರುಗಿಸಿದರು. ಬರಿ ಹೊಟ್ಟೆಗೆ ಗುಳಿಗೆ ಕೊಡುವಂತಿರಲಿಲ್ಲ.

ಮಧ್ಯಾಹ್ನ ಮತ್ತೆ ಹಾಸಿಗೆ ಹೊಲಸಾಯಿತು. ಬೇರೊಬ್ಬ ನರ್ಸ್ ಬಂದು, ಪರದೆಯನ್ನೂ ಎಳೆಯದೆ ಹೊದಿಕೆ ಕಿತ್ತ. "ಏ ಬಾಬಾ, ತಿಕಡೆ ವಳ!" ಆ ಕಡೆ ಹೊರಳು ಎಂದು ಮರಾಠಿಯಲ್ಲಿ ಗದರಿದ.

ಇಡೀ ವಾರ್ಡಿನ ಎದುರು ಅಪ್ಪ ಬೆತ್ತಲೆ! ಅವರು ಕಣ್ಣು ಮುಚ್ಚಿಕೊಂಡರು. ಮಂಜುಶ್ರೀಗೆ ಅವನ ಮೇಲೆ ಅಸಹ್ಯ ಉಕ್ಕಿತು. ಅವನು ಹೋದ ಮೇಲೆ ಅಪ್ಪ ಮೆಲ್ಲಗೆ ಹೇಳಿದರು:

"ಮಲ್ಲಿನಾಥ ಪರದೆ ಆಚೆ ನಿಂತು, 'ಒಳಗ ಬರಲೇನ್ರಿ ಕಾಕಾ' ಅಂತ ಕೇಳ್ತಾನವ್ವ. ಮೊದಲು ಚಾದರ ಹೊದಿಸ್ತಾನ, ಆಮೇಲೆ ಧೋತರ ಬಿಚ್ಚತಾನ. ಮುಂಜಾನೆ ನನ್ನ ತೊಳದು, ತಾನೂ ಕೈ ತೊಳಕೊಂಡು ಲಿಂಗ ಕೊಡಲಿಕ್ಕೆ ಬಂದಿದ್ದ."

"ಮತ್ತ ಪೂಜಿ ಯಾಕ ಒಲ್ಲೆ ಅಂದ್ರಿ?"

"ನನ್ನ ಮಗಳೇ ಮೂಗು ಮುಚ್ಕೊಂಡ್ಳು. ಈ ಮೈ ಇನ್ನೂ ಹೊಲಸೇ ಅದ ಅನ್ನಿಸ್ತು."

ದುಪಟ್ಟಾ ಇನ್ನೂ ಮೂಗಿನ ಮೇಲೇ ಇತ್ತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಪ್ಪನನ್ನು ಮತ್ತೊಮ್ಮೆ ತೊಳೆದು ಪೂಜೆಗೆ ಅಣಿಮಾಡಲು ಮಲ್ಲಿನಾಥನನ್ನು ಹುಡುಕಿ ಕರೆತಂದಳು. ಈ ಸಲ ಚಾದರದ ಒಂದು ಅಂಚನ್ನು ಅವಳೇ ಹಿಡಿದಳು, ಬರಿ ಮೂಗಿನಲ್ಲಿ.

"ನಿಮಗ ವಾಸನಿ ಬರಂಗಿಲ್ಲೇನ್ರಿ?" ಹೊರಗೆ ಬಂದಾಗ ಕೇಳಿದಳು.

"ಬರ್ತದ್ರಿ. ಹೊಟ್ಟಿ ತೊಳಸ್ತದ. ಮಾರಿ ಮ್ಯಾಲ ತೋರಸಂಗಿಲ್ಲ, ಅಷ್ಟ."

ಒಳಗೆ ಅಪ್ಪ ಮಲಗಿದಲ್ಲೇ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ತೊಡಗಿದ್ದರು.

ಅಪ್ಪ ಮನೆಗೆ ಹೊರಡುವ ದಿನದವರೆಗೂ ಆ ಚಾದರದ ಎರಡು ಅಂಚುಗಳನ್ನು ಅವರಿಬ್ಬರೇ ಹಿಡಿದರು. ಆ ದಿನ ಕೊಳೆ ಬಟ್ಟೆಯ ಬಕೆಟ್ ಹಿಡಿದು ಬರುತ್ತಿದ್ದ ಅವನಿಗೆ ಅವಳು ಅಡ್ಡ ನಿಂತಳು.

"ಅವತ್ತು ಈ ಕೈಗೆ ಹೊಲಸು ಅಂದಿದ್ದೆ. ಈಗ ಜನ್ಮಪೂರ್ತಿ ಇದನ್ನ ಹಿಡೀಬೇಕು ಅನ್ನಸ್ತದ... ಕೊಡ್ತೀರೇನು?"

ಅವನು ಬಕೆಟ್ ಕೆಳಗಿಟ್ಟ. ಕಿವಿ ಕೆಂಪಾಗಿತ್ತು.

"ತೊಳಕೊಂಡು ಬರ್ತೀನಿ, ತಡೀರಿ."

"ಬ್ಯಾಡ್ರಿ, ಹಂಗ ಕೊಡ್ರಿ."